ಕಾಡಿನ ಕಾವಲಿಗೆ ಕಾಲ್ಬಲ

ಕಾಡಿನ ಕಾವಲುಗಾರನಿಗೆ ವಿದ್ಯೆಯೊಡನೆ ದೇಹಬಲವೂ ಇರತಕ್ಕದ್ದೆಂಬುದು ನಿರ್ವಿವಾದವು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಕಳ್ಳಬೇಟೆಯವನ ಜಾಡು ಹಿಡಿದು ನಡೆಯುವ ಕಾಲುಗಳೂ ಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚನ್ನಾರಿಸಲು ಹೋದ ಅರಣ್ಯ ರಕ್ಷಕನೊಬ್ಬನು ಪ್ರಾಣವನ್ನೇ ತೆತ್ತನು. ಇಂತಹ ಕೆಲಸಕ್ಕೆ ಆಳನ್ನು ಪರೀಕ್ಷಿಸಿ ಆರಿಸುವುದು ನ್ಯಾಯವೇ ಸರಿ.

ಭಾರತೀಯ ಅರಣ್ಯ ಸೇವೆಯ ನಿಯಮದಂತೆ ಪುರುಷರು 4 ಗಂಟೆಗಳಲ್ಲಿ 25 ಕಿಲೋಮೀಟರನ್ನೂ, ಸ್ತ್ರೀಯರು ಅಷ್ಟೇ ಹೊತ್ತಿನಲ್ಲಿ 14 ಕಿಲೋಮೀಟರನ್ನೂ ನಡೆಯಬೇಕು. ಪಾಠಶಾಲೆಯ ಅಭ್ಯಾಸದಂತೆ ನಾವು ಲೆಕ್ಕ ಹಾಕಿದೆವು: ಪುರುಷರಿಗೆ ಕಿಲೋಮೀಟರಿಗೆ 9 ನಿಮಿಷ 36 ಸೆಕೆಂಡು ದೊರೆಯುತ್ತದೆ. ಇದು ಓಟವಲ್ಲ, ಬಿರುಸಾದ ನಡಿಗೆ. ಆದರೆ ನಾಲ್ಕು ಗಂಟೆಯೂ ತಗ್ಗದ ನಡಿಗೆ. ಒಂದು ದಿನದ ಹುರುಪಿಗೆ ಇದು ಒದಗುವುದಿಲ್ಲ.

ನಮ್ಮ ರಾಜ್ಯದ ಅರಣ್ಯ ರಕ್ಷಕರ ಹುದ್ದೆಗೂ ದೇಹದಾರ್ಢ್ಯದ ಪರೀಕ್ಷೆಯುಂಟಷ್ಟೆ. ನೀರಮಾನ್ವಿಯಿಂದ ದೇವದುರ್ಗದವರೆಗೆ ಸರ್ಕಾರಿ ಕೆಲಸವನ್ನು ಬಯಸುವ ಮಕ್ಕಳಿಲ್ಲದ ಊರಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿದ್ದರೂ ಬೇಸಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲು ನಮ್ಮ ಸೀಮೆಯದು. ಅರ್ಜಿ ಹಾಕಿದ ಮೇಲೆ ಓಡಲಾರಂಭಿಸುವವರನ್ನು ಕಂಡರೆ ನಮಗೆ ಭಯವಾಗುತ್ತದೆ. 2024ರ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಝಾರ್ಖಂಡದಲ್ಲಿ ಅಬಕಾರಿ ಪೇದೆಗಳ ನೇಮಕಕ್ಕಾಗಿ 10 ಕಿಲೋಮೀಟರಿನ ಓಟವನ್ನು ನಡೆಸಿದಾಗ ಹತ್ತಕ್ಕೂ ಹೆಚ್ಚು ಮಂದಿ ಅಭ್ಯರ್ಥಿಗಳು ಅಸುನೀಗಿದರು. ಅವರೂ ಯಾವುದೋ ಮನೆಯ ಆಸರೆಯೇ ಆಗಿದ್ದರಲ್ಲವೆ?

ಬಲಿಷ್ಠನೂ ಸ್ನಿಗ್ಧವಾದ ಆಹಾರವುಳ್ಳವನೂ ಚಳಿಗಾಲ ವಸಂತಗಳಲ್ಲಿ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬಹುದು, ಉಳಿದ ಋತುಗಳಲ್ಲಿ ಇನ್ನೂ ಮಿತವಾಗಿರಬೇಕು ಎಂಬುದು ವಾಗ್ಭಟಾಚಾರ್ಯರ ಮತ. ಬಿಸಿಲಿಗೆ ದೇಹವು ಒಗ್ಗಲು ಒಂದೆರಡು ವಾರಗಳು ಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಆದುದರಿಂದ ತಿಂಗಳುಗಟ್ಟಲೆ ಮೊದಲೇ, ನಸುಕಿನಲ್ಲಿ, ದಿನಕ್ಕಿಷ್ಟಿಷ್ಟಾಗಿ ದೂರವನ್ನು ಹೆಚ್ಚಿಸತಕ್ಕದ್ದು. ಪರೀಕ್ಷೆಯನ್ನು ನಡೆಸುವವರೂ ತಂಪು ಹೊತ್ತನ್ನಾರಿಸಿ, ನೀರು, ನೆರಳು, ವೈದ್ಯರನ್ನು ಒದಗಿಸತಕ್ಕದ್ದು.

ತಾಯಂದಿರಲ್ಲಿ ಒಂದು ವಿಜ್ಞಾಪನೆ. ಪರೀಕ್ಷೆಯ ದಿನ ಮಗನನ್ನಾಗಲಿ ಮಗಳನ್ನಾಗಲಿ ಬರಿಹೊಟ್ಟೆಯಲ್ಲಿ ಕಳುಹಿಸಬೇಡಿರಿ. ಜ್ವರವಿದ್ದರೆ ತಡೆಯಿರಿ. ಅಭ್ಯಾಸದ ವೇಳೆ ತಲೆ ಸುತ್ತಿದರೆ, ಮಾತು ತೊದಲಿದರೆ ಒಡನೆ ನೆರಳಿಗೊಯ್ದು, ಮೈಗೆ ತಣ್ಣೀರು ಹೊಯ್ದು ಗಾಳಿ ಬೀಸುತ್ತ ವೈದ್ಯರನ್ನು ಕರೆಸಿರಿ. ಹುದ್ದೆಯು ಮುಂದಿನ ವರ್ಷವಾದರೂ ದೊರೆತೀತು.