ಸಾಲಕ್ಕೆ ತಕ್ಕ ಮನೆಯೋ, ಬಾಳಿಗೆ ತಕ್ಕ ಮನೆಯೋ?

ಮನೆ ಕಟ್ಟಹೊರಟ ಗೃಹಸ್ಥನು ಮೊದಲು ವಿಚಾರಿಸುವುದು ಸಾಲ ಎಷ್ಟು ದೊರೆತೀತೆಂಬುದನ್ನು. ಎಷ್ಟು ಸಾಲವಿಲ್ಲದೆ ನಡೆದೀತೆಂದು ಯೋಚಿಸುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಉತ್ತರವಿತ್ತವರು ವಾಸ್ತುಶಿಲ್ಪಿ ಲಾರಿ ಬೇಕರ್.

1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿದ ಅವರು ಕುಷ್ಠರೋಗಿಗಳ ಸೇವೆಗಾಗಿ ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ, 2007ರಲ್ಲಿ ತಿರುವನಂತಪುರದಲ್ಲಿ ನಿಧನರಾದರು. ಮನೆಯ ಸಾಮಗ್ರಿ ಐದು ಮೈಲಿಯೊಳಗೇ ದೊರೆಯಬೇಕೆಂಬ ಗಾಂಧೀಜಿಯವರ ಅಭಿಪ್ರಾಯ ಅವರಿಗೆ ದಾರಿದೀಪವಾಯಿತು.

ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಅವರು ಗೋಡೆ ಕಟ್ಟಿಸಿದರು. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯಿತು. ಪೊಳ್ಳಿನಲ್ಲಿನ ಗಾಳಿ ಬಿಸಿಲಿನ ತಾಪವನ್ನು ತಡೆಯಿತು. ಚಾವಣಿಯ ಅಡಿಭಾಗದಲ್ಲಿ, ಭಾರ ಹೊರದ ಕಾಂಕ್ರೀಟಿಗೆ ಬದಲಾಗಿ ಮಂಗಳೂರು ಹೆಂಚುಗಳನ್ನಿರಿಸಿದರು. ಕಿಟಕಿಯ ಸ್ಥಾನದಲ್ಲಿ ಇಟ್ಟಿಗೆಯ ಜಾಲಂಧ್ರವಿಟ್ಟು ಗಾಳಿಬೆಳಕಿಗೆ ದಾರಿ ಮಾಡಿದರು. ಆರೋಗ್ಯಕ್ಕೆ ಇವೆರಡಕ್ಕಿಂತ ಅಗ್ಗದ ಔಷಧವುಂಟೇ?

ಇಂಥ ಕೆಲಸಕ್ಕೆ ನುರಿತ ಗಾರೆಯವರು ಬೇಕೆಂಬುದು ನಿಜ. ಆದರೆ ದೊಡ್ಡ ಅಡ್ಡಿ ಅದಲ್ಲ. ಗಿಲಾವಿಲ್ಲದ ಗೋಡೆ ಬಡತನದ ಗುರುತೆಂಬ ನಮ್ಮ ಭ್ರಮೆ. ನಿವೃತ್ತಿಯ ಬಳಿಕ ಊರಿನಲ್ಲೊಂದು ಮನೆಯ ಕನಸು ಕಾಣುವ ಹೊರನಾಡ ಕನ್ನಡಿಗರು ಇದನ್ನು ಚಿಂತಿಸಬೇಕು. ನೆರೆಯವರ ಕಣ್ಣಿಗಾಗಿ ತೆತ್ತ ಹಣಕ್ಕೂ ಬಡ್ಡಿ ತಪ್ಪದು. ಆ ಕಂತನ್ನು ನೆರೆಯವರು ಕಟ್ಟಲಾರರು.