ಮನೆಯ ಶುಶ್ರೂಷೆ: ಅಜ್ಜಿಯ ಮಾತೋ, ಆಸ್ಪತ್ರೆಯ ಮಾತೋ?

ಸೋದರಿಯರೇ, ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ಮನೆಗಳಿಗೆ ವಾಂತಿ, ಭೇದಿ, ಜ್ವರ ಎಲ್ಲವೂ ಕರೆಯದೆ ಬರುವ ನೆಂಟರು. ಮಗುವಿಗೆ ಎರಡು ಸಲ ಭೇದಿಯಾದರೆ ಸಾಕು, ಸಲಹೆಗಾರರು ಸೇರಿಬಿಡುತ್ತಾರೆ. "ನೀರು ಕೊಡಬೇಡ, ಇನ್ನೂ ಹೆಚ್ಚಾಗ್ತದೆ" ಅಂತ ಒಬ್ಬರು. "ಗಂಜಿ ತಿಳಿ ಕುಡಿಸು" ಅಂತ ಇನ್ನೊಬ್ಬರು. "ಸೀದಾ ಹೋಗಿ ಗ್ಲೂಕೋಸ್ ಹಾಕಿಸು" ಅಂತ ಮತ್ತೊಬ್ಬರು.

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ, ನಿಜ. ಆದರೆ ಕಾಯಿಲೆ ಬಿಗಡಾಯಿಸಿದರೆ ಅನೇಕರು ಮಣಿಪಾಲಕ್ಕೇ ಓಡಬೇಕು. ಭಟ್ಕಳದಿಂದಲೇ ಸುಮಾರು 90 ಕಿಲೋಮೀಟರು. ಕುಮಟಾದಿಂದ ಇನ್ನೂ ದೂರ. ಅಲ್ಲಿಯವರೆಗೆ ರೋಗಿಗೆ ದಾದಿ ಯಾರು? ನೀವೇ ತಾನೆ! ಹಾಗಾದರೆ ಯಾರ ಮಾತು ಕೇಳಬೇಕು?

ಇಂದು ದಾದಿಯರಿಗೆ ಕಲಿಸುವುದು ಇಷ್ಟು: "ಹಿಂದಿನಿಂದ ಹೀಗೇ ಮಾಡ್ತಾ ಬಂದಿದ್ದೇವೆ" ಎಂಬುದು ಕಾರಣವಲ್ಲ. ಎರಡು ಬಗೆಯ ಆರೈಕೆಯನ್ನು ಹಲವು ರೋಗಿಗಳಲ್ಲಿ ಹೋಲಿಸಿ, ಯಾವುದರಿಂದ ಗುಣವಾಯಿತೆಂದು ನೋಡಿ, ಅದನ್ನೇ ಹಿಡಿಯಬೇಕು. ಈ ಒರೆಗಲ್ಲಿಗೆ ತಿಕ್ಕಿದಾಗ ಅಜ್ಜಿಯ ಕೆಲವು ಮಾತು ಗೆದ್ದಿವೆ, ಕೆಲವು ಬಿದ್ದಿವೆ. ಆಸ್ಪತ್ರೆಯ ಮಾತುಗಳೂ ಬಿದ್ದಿವೆ, ಗೊತ್ತೆ?

ಭೇದಿಯನ್ನೇ ನೋಡಿ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸಿದವರು ಯಾರು? ರೋಗಿಗಳ ತಾಯಂದಿರು, ಮನೆಯವರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಭೇದಿಯಾದಾಗ ಜೀವ ತೆಗೆಯುವುದು ಹೆಚ್ಚಾಗಿ ನೀರಿನ ಕೊರತೆ. ಆದ್ದರಿಂದ "ನೀರು ಕೊಡಬೇಡ" ಎಂಬ ಮಾತನ್ನು ಇವತ್ತೇ ಮರೆತುಬಿಡಿ.

ಗಂಜಿ ತಿಳಿ ಎಂದವರು ಮಾತ್ರ ಗೆದ್ದರು! ಕಾಲರಾ ರೋಗಿಗಳಲ್ಲಿ ಅಕ್ಕಿಯಿಂದ ತಯಾರಿಸಿದ ಓ.ಆರ್.ಎಸ್. ಭೇದಿಯ ಪ್ರಮಾಣವನ್ನೇ ತಗ್ಗಿಸಿತೆಂದು ಪರೀಕ್ಷೆಗಳು ತೋರಿಸಿವೆ. ಹಾಗೆಂದು ಬರೀ ತಿಳಿ ಸಾಲದು, ಚಿಟಿಕೆ ಉಪ್ಪು ಬೇಕು.

ಮೊದಲ ಆಯ್ಕೆ ಓ.ಆರ್.ಎಸ್. ಪೊಟ್ಟಣವೇ, ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತದೆ. ಅದಿಲ್ಲದಿದ್ದರೆ ಹೀಗೆ ಮಾಡಿ: ಕುದಿಸಿ ಆರಿಸಿದ ನೀರು 1 ಲೀಟರು, ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಚಮಚವನ್ನು ಮಟ್ಟ ಮಾಡಿ ಅಳೆಯಿರಿ. ಉಪ್ಪು ಹೆಚ್ಚಾದರೆ ಅಪಾಯ. ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ ಕಾಲರಿಂದ ಅರ್ಧ ಲೋಟ, ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮಂಪರು ಕವಿದರೆ, ಮೂತ್ರ ನಿಂತರೆ, ರಕ್ತ ಬಿದ್ದರೆ, ಕುಡಿಯಲಾರದಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ದಾರಿಯಲ್ಲೂ, ಮಗು ಎಚ್ಚರವಿದ್ದು ನುಂಗುವಂತಿದ್ದರೆ, ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಇನ್ನು ಹಸುಗೂಸು. ಹೊಕ್ಕುಳಿಗೆ ಬೂದಿ, ಅರಿಶಿನ ಹಚ್ಚುವುದು ಬೇಡ, ಒಣಗಿರಲಿ, ಸ್ವಚ್ಛವಾಗಿರಲಿ. ಜೇನು ನೆಕ್ಕಿಸುವುದೂ ಬೇಡ. ಆದರೆ ನಮ್ಮ ತೆಂಗಿನೆಣ್ಣೆಯ ಮೇಲೆ ಕೋಪ ಬೇಡ! ಮುಂಬಯಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳು ಮಿನರಲ್ ಎಣ್ಣೆಗಿಂತ ತೆಂಗಿನೆಣ್ಣೆ ತಿಕ್ಕಿದಾಗ ಚೆನ್ನಾಗಿ ತೂಕ ಏರಿದವು.

ಆಸ್ಪತ್ರೆಯ ಮಾತು ಬಿದ್ದದ್ದು ಎಲ್ಲಿ ಅಂತೀರಾ? ತೂಕ ಕಡಿಮೆಯಿದ್ದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಾಯಿಯನ್ನು ಹೊರಗೆ ಕೂರಿಸುತ್ತಿದ್ದ ಕ್ರಮದಲ್ಲಿ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೆ ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿದರು. ಸ್ಥಿತಿ ಸುಧಾರಿಸಲೆಂದು ಕಾದ ನಂತರ ಅಪ್ಪಿಸಿದವರಿಗಿಂತ ಇಲ್ಲಿ ಸಾವು ಕಾಲು ಭಾಗ ಕಡಿಮೆ! ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಎದೆಗಪ್ಪುವ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಅಳವಡಿಸಿ ನೋಡಿದ್ದಾರೆ. ನಿಮ್ಮ ಸೊಸೆಗೋ ಮಗಳಿಗೋ ಇಂಥ ಕೂಸು ಹುಟ್ಟಿದರೆ, "ಎದೆಗೆ ಕೊಡ್ತೀರಾ?" ಎಂದು ಸಂಕೋಚವಿಲ್ಲದೆ ಕೇಳಿ.

ಹಾಸಿಗೆ ಹಿಡಿದ ಹಿರಿಯರಿಗೆ ಹಿಂದೆ ದಾದಿಯರೇ ಬೆನ್ನಿಗೆ ಸ್ಪಿರಿಟ್ ಹಚ್ಚಿ ತಿಕ್ಕುತ್ತಿದ್ದರು. ಈಗ ಕೆಂಪಾದ ಜಾಗವನ್ನು ತಿಕ್ಕಬಾರದೆಂದು ಹೇಳುತ್ತಾರೆ. ಆಗಾಗ ಮಗ್ಗುಲು ಬದಲಿಸಿ, ಚರ್ಮ ಒಣಗಿಸಿಡಿ.

ಜ್ವರಕ್ಕೂ ಒಂದು ಮಾತು. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಮುಂದೆ ನಮ್ಮ ಹೊನ್ನಾವರ, ಸಿದ್ದಾಪುರದ ಕಡೆಗೂ ಬಂತು. ಇದರಲ್ಲಿಯೂ ಡೆಂಗಿಯಲ್ಲಿಯೂ ರಕ್ತಸ್ರಾವದ ಭಯವಿದೆ. ಯಾವ ಜ್ವರವೆಂದು ತಿಳಿಯುವ ಮೊದಲು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಪ್ಯಾರಸಿಟಮಾಲ್ ಸಾಕು, ಅದೂ ಅಳತೆ ಮೀರದಂತೆ.

ಇನ್ನು ಮುಂದೆ ಯಾರೇ ಸಲಹೆ ಕೊಡಲಿ, ಮೂರು ಪ್ರಶ್ನೆ ಕೇಳಿ. ಇದನ್ನು ಎಷ್ಟು ಜನರಲ್ಲಿ ಪರೀಕ್ಷಿಸಿದ್ದಾರೆ? ಬೇರೆ ಆರೈಕೆಯೊಂದಿಗೆ ಹೋಲಿಸಿದ್ದಾರೆಯೆ? ನನ್ನ ಮನೆಯ ರೋಗಿಯ ವಯಸ್ಸಿಗೆ, ಸ್ಥಿತಿಗೆ ಅದು ಹೊಂದುತ್ತದೆಯೆ? ಉತ್ತರ ಗೊತ್ತಿಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದ ದಾದಿಯನ್ನೇ ಕೇಳಿ. ಅತ್ತೆಯವರ ಎದುರು ವಾದ ಬೇಡ. ಮೇಲಿನ ಅಳತೆಯನ್ನು ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿಬಿಡಿ.