ನನ್ನ ಓಟಕ್ಕಷ್ಟ ಮೋಟಿವೇಶನ್ ಬೇಕೇನು?

"ಇಂಥಾ ಥಂಡ್ಯಾಗ ಐದಕ್ಕ ಎದ್ದು ಓಡಾಕ ಹೊಕ್ಕೀರಲ್ರೀ ಅಕ್ಕಾರ, ಅದೆಲ್ಲಿಂದ ಬರತೈತ್ರಿ ಮೋಟಿವೇಶನ್?" ಬೆಳವಣಕ್ಯಾಗ ನನ್ನ ಹಿಂಗ ಕೇಳದವರಿಲ್ಲ.

ಮೂವತ್ತು ವರ್ಷ ಇದೇ ಐದಕ್ಕ ಎದ್ದು ಕಸಾ ಹೊಡದು, ನೀರು ಕಾಸಿ, ರೊಟ್ಟಿ ಬಡದೇನಿ. ಆವಾಗ ಒಬ್ಬರೂ ಕೇಳಲಿಲ್ಲ. ಮಂದಿ ಸಲುವಾಗಿ ಎದ್ರ ಸಂಸಾರ, ನನ್ನ ಸಲುವಾಗಿ ಎದ್ರ ಮೋಟಿವೇಶನ್ ಬೇಕಂತ!

ಚಳಿಗೆ ಅಂಜಿ ನಾವು ಓಟ ಬಿಡಂಗಿಲ್ಲ. ಮಾಗಿಯೊಳಗ ಎರಿ ಹೊಲಕ್ಕ ಹೋಗಿ, ಇಬ್ಬನಿಗೆ ಸೀರಿ ತೊಯ್ಸಿಕೊಂಡು ಕಡ್ಲಿ ಕುಡಿ ಚಿವುಟಿದವರು ನಾವು. ನಮ್ಮನ್ನ ಬಿಡಸೂದು "ಚಾ ಯಾರು ಮಾಡಬೇಕು?" ಅನ್ನೋ ಮಾತು. ಹ್ವಾದ ವರ್ಷ ಈ ಮಾತಿಗೆ ಸೋತು ಸಂಕ್ರಾಂತಿತನಕ ನಾನೂ ಓಟ ಬಿಟ್ಟಿದ್ದೆ.

"ಮನಿಗೆಲಸನ ವ್ಯಾಯಾಮ ಅಲ್ಲೇನು?" ಅಂತಾರ ಶಾಣ್ಯಾರು. ಹಂಗಾರ ದಿನಾ ಹೊಲದಾಗ ದುಡಿಯೋ ಹುಡುಗರು ಸಂಜಿಕ ಕಬಡ್ಡಿ ಯಾಕ ಆಡತಾರ?

ಒಲಿಂಪಿಕ್ಸಿನೊಳಗ ಗಂಡಸರ ಮ್ಯಾರಥಾನ್ 1896ಕ್ಕ ಶುರುವಾತು, ಹೆಂಗಸರದು 1984ಕ್ಕ. ಆ 88 ವರ್ಷ ನಮಗ ಕಾಲು ಇರಲಿಲ್ಲೇನು? ಕಾಲು ಇದ್ದುವು, ಬಿಡಾವರು ಇರಲಿಲ್ಲ.

ಮಹಾರಾಷ್ಟ್ರದ ಬಾರಾಮತಿಯೊಳಗ ಲತಾ ಕರೆ ಅರವತ್ತು ದಾಟಿದ ಮ್ಯಾಲೆ ಸೀರಿ ಉಟ್ಟು ಬರಿಗಾಲಲೆ ಓಡಿ ಗೆದ್ದರು. ಅದು ಗಂಡನ ಔಷಧಿ ಖರ್ಚಿಗೆ. ಅವರ ಮ್ಯಾಲೆ ಸಿನಿಮಾನೂ ಬಂತು. ನಮಸ್ಕಾರ ಆ ತಾಯಿಗೆ. ಆದ್ರ ಗಂಡನ ಸಲುವಾಗಿ ಓಡಿದ್ರಷ್ಟ ಚಪ್ಪಾಳಿ, ತನ್ನ ಸಲುವಾಗಿ ಓಡಿದ್ರ ಪ್ರಶ್ನಿ, ಇದು ಯಾವ ನ್ಯಾಯ?

ತಂಗೇರ, ಚಾಪುಡಿ ಡಬ್ಬಿ ಎಲ್ಲೈತಿ ಅಂತ ಇವತ್ತ ಮನಿಯವರಿಗೆ ತೋರಿಸಿಡ್ರಿ. ನಾನೂ ತೋರಿಸೇನಿ. ಮೋಟಿವೇಶನ್ ಅಷ್ಟ ಸಾಕು.